ಸೂಜಿಯ ಎದೆಪಟ್ಟಿ

ಫೆಬ್ರವರಿ 11

ಅಪ್ಪಾ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನೀವೇ ಕಟ್ಟಿಕೊಳ್ಳುತ್ತೀರಿ. ಈ ವಿಷಯದಲ್ಲಿ ಹಾಗಾಗುವುದು ಬೇಡ ಎಂದು ಕಾಗದ ಬರೆಯುತ್ತಿದ್ದೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ನವೆಂಬರಿನಲ್ಲಿ ಸೂಜಿಗೆ ಆಪರೇಷನ್ ಆಯಿತು. ಗರ್ಭಕೋಶ ತೆಗೆದುಬಿಟ್ಟರು. ಇನ್ನು ಅವಳಿಗೆ ಮರಿಗಳಾಗುವುದಿಲ್ಲ.

ಅವತ್ತು ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದರೆ ಅವಳು ಬಚ್ಚಲಿನ ತಣ್ಣನೆಯ ನೆಲದ ಮೇಲೆ ಮಲಗಿದ್ದಳು. ಬಕೆಟ್ಟಿನ ನೀರನ್ನೆಲ್ಲ ಕುಡಿದು ಮುಗಿಸಿದ್ದಳು. ಬಾಗಿಲು ತೆಗೆದ ಕೂಡಲೇ ಮೈಮೇಲೆ ಬೀಳುವವಳು ಬಾಲ ಸಹ ಅಲ್ಲಾಡಿಸಲಿಲ್ಲ. ಎತ್ತಿಕೊಂಡು ಹೋದೆ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, "ಗರ್ಭಕೋಶದ ತುಂಬ ಕೀವು ಕಟ್ಕೊಂಡಿದೆ. ಈಗ್ಲೇ ತೆಗೀಬೇಕು. ನಾಳೆ ನೋಡೋಣ ಅಂದ್ರೆ ನಾಳೆಗೆ ನಾಯಿ ಇರಲ್ಲ," ಎಂದರು. "ತೆಗೀರಿ" ಎಂದೆ. ನಿಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸು ಅನ್ನುತ್ತಿದ್ದಿರಿ. ಅಷ್ಟು ಹೊತ್ತು ನಮ್ಮ ಕೈಯಲ್ಲಿರಲಿಲ್ಲ.

ಮೊದಲ ಸೂಲಿನಲ್ಲಿ ಒಂದು ಹೆಣ್ಣು ಮರಿ ನಿಮಗೆ ಎಂದು ಮಾತು ಕೊಟ್ಟು ಅವಳನ್ನು ಕರೆತಂದವಳು ನಾನು. ಅವಳ ತಾಯಿ ಮೇಣ ಹೋದ ಮೇಲೆ ನಿಮ್ಮ ತಳಿಯಲ್ಲಿ ಉಳಿದವಳು ಇವಳೊಬ್ಬಳೇ ಎಂದೂ ಗೊತ್ತು. ಅದಕ್ಕೇ ಮೂರು ತಿಂಗಳು ಬಾಯಿ ಬಿಡಲು ಧೈರ್ಯ ಬರಲಿಲ್ಲ. ಅಷ್ಟು ತಪ್ಪು ನನ್ನದು.

ಈಗ ಅವಳು ಗುಂಡುಕಲ್ಲಿನ ಹಾಗಿದ್ದಾಳೆ. ಇನ್ನೊಂದು ಸುದ್ದಿ. ಜಾಡು ಸಂಘದವರು ಈ ವರ್ಷ ಮಾತ್ರ ಆಪರೇಷನ್ ಆದ ನಾಯಿಗಳನ್ನೂ ಮೂಗಿನಿಂದ ಜಾಡು ಹಿಡಿಯುವ ಪಂದ್ಯಕ್ಕೆ ಬಿಟ್ಟು ನೋಡೋಣ ಎಂದು ತೀರ್ಮಾನಿಸಿದ್ದಾರಂತೆ. ಹೇಗೆ ಓಡುತ್ತವೆ ಎಂದು ನೋಡಿ, ಅದನ್ನು ಉಳಿಸುವುದೋ ತೆಗೆಯುವುದೋ ಎಂದು ಜೂನ್ ಸಭೆಯಲ್ಲಿ ಮತ ಹಾಕುತ್ತಾರಂತೆ. ಏಪ್ರಿಲ್ 12ಕ್ಕೆ ನಮ್ಮ ಊರಿನಲ್ಲೇ ಪಂದ್ಯ. ಸೂಜಿಯ ಹೆಸರು ಕೊಟ್ಟಿದ್ದೇನೆ. ಆಪರೇಷನ್ ಆದವುಗಳಲ್ಲಿ ಇದುವರೆಗೆ ಬಂದಿರುವುದು ಅವಳ ಹೆಸರೊಂದೇ.

ಜಾಡು ಹಿಡಿಯುವಾಗ ಹಗ್ಗ ಕಟ್ಟಲು ಅಂಗಡಿಯಲ್ಲಿ ಸಿಕ್ಕಿದ ಕ್ಯಾನ್ವಾಸ್ ಪಟ್ಟಿ ಅವಳ ಕಂಕುಳನ್ನು ಉಜ್ಜುತ್ತದೆ. ನಿಮ್ಮ ಕೈಯ ಎದೆಪಟ್ಟಿ ಬೇಕಪ್ಪಾ. ಎರಡು ವರ್ಷ ತುಂಬಿದ ಮೇಲೆ ನಿಮ್ಮ ನಾಯಿಗಳಿಗೆಲ್ಲ ಹೊಲಿದು ಕೊಟ್ಟಿದ್ದೀರಿ. ಇವಳಿಗೆ ಮೂರು ತುಂಬಿತು.

ಬೈಯುವುದಿದ್ದರೆ ಬರೆದೇ ಬೈಯಿರಿ.

ನಿಮ್ಮ ಮಗಳು


ಫೆಬ್ರವರಿ 19

ಮಗಳೇ,

ಕಾಗದ ತಲುಪಿತು. ನಾಯಿ ಬದುಕಿಕೊಂಡಿತಲ್ಲ, ಒಳ್ಳೆಯದಾಯಿತು.

ನಡುವೆ ನೀನು ಎರಡು ಸಲ ಇಲ್ಲಿಗೆ ಬಂದಿದ್ದೆ. ನನ್ನ ಎದುರಿಗೇ ಕೂತು ಚಹಾ ಕುಡಿದೆ. ಸೂಜಿ ಹೇಗಿದ್ದಾಳೆ ಎಂದರೆ ಸ್ವಲ್ಪ ದಪ್ಪಗಾಗಿದ್ದಾಳೆ ಎಂದೆ. ಮರಿ ಹಾಕುತ್ತಾಳೇನೋ ಎಂದು ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ನಿಮ್ಮಮ್ಮನೂ ನಿನ್ನ ಪಕ್ಷ ಸೇರಿದ್ದಳೋ ಏನೋ, ಕೇಳಿದರೆ ಒಲೆಯ ಕಡೆ ತಿರುಗುತ್ತಾಳೆ.

ಇನ್ನು ಪಂದ್ಯದ ವಿಷಯ. ಮರಿಯಾಗುವ ನಾಯಿಗಳಿಗೆ ಮಾತ್ರ ಪ್ರವೇಶ ಎಂಬ ನಿಯಮ ಬರೆದವನು ನಾನು. ಇಪ್ಪತ್ತಾರು ವರ್ಷದ ಹಿಂದೆ, ಇದೇ ಬೂಟಿನಂಗಡಿಯಲ್ಲಿ, ಈ ಮೇಜಿನ ಮೇಲಿದ್ದ ಅಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಬರೆದದ್ದು. ಹಟಕ್ಕೆ ಬರೆಯಲಿಲ್ಲ. ಜಾಡಿನ ಪಂದ್ಯ ಇರುವುದು ಬಹುಮಾನ ಹಂಚುವುದಕ್ಕಲ್ಲ. ಯಾವ ನಾಯಿಯ ಮೂಗು ಚೆನ್ನಾಗಿದೆ, ಯಾವುದರ ಮರಿ ಸಾಕಬೇಕು ಎಂದು ತಿಳಿಯುವುದಕ್ಕೆ. ಮರಿಯೇ ಇಲ್ಲವೆಂದ ಮೇಲೆ ತಿಳಿದುಕೊಂಡು ಏನು ಮಾಡುವುದು? ಅದೂ ಅಲ್ಲದೆ ಆಪರೇಷನ್ ಆದ ನಾಯಿ ಮೈ ಬೆಳೆಸುತ್ತದೆ, ಅದರ ಮನಸ್ಸು ಕೆಲಸದಲ್ಲಿ ನಿಲ್ಲುವುದಿಲ್ಲ. ನಾನು ಕಂಡಿದ್ದೇನೆ.

ಎದೆಪಟ್ಟಿಯ ಒಳಗೆ ನಾನು ಏನು ಹೊಲಿಯುತ್ತೇನೆ ಎಂದು ನಿನಗೆ ಗೊತ್ತು. ಮುತ್ತಜ್ಜಿ, ಅಜ್ಜಿ, ತಾಯಿ ಎಲ್ಲರ ಹೆಸರು. ಸೂಜಿಗಾದರೆ ದಬ್ಬಣ, ದಾರ, ಮೇಣ. ಕೊನೆಗೆ ಆ ನಾಯಿಯ ಹೆಸರು. ಅದರ ಮುಂದೆ ಎರಡು ಬೆರಳು ಜಾಗ, ಮುಂದಿನವಳಿಗೆ. ಈಗ ಆ ಜಾಗದಲ್ಲಿ ಏನು ಹೊಲಿಯಲಿ ಹೇಳು. ಖಾಲಿಯಾದ ನಾಯಿಯನ್ನು ತಂದು ನಿಲ್ಲಿಸಿ ಯಾರಿಗೆ ಏನು ತೋರಿಸಬೇಕು? ಹೆಸರು ವಾಪಸು ತಗೋ. ಮನೆಯಲ್ಲಿ ಸುಖವಾಗಿರಲಿ.

ಎದೆಪಟ್ಟಿ ಹೊಲಿಯುವುದಿಲ್ಲ.

ನಿನ್ನ ಅಪ್ಪ

(ಕಾಗದದಲ್ಲಿ ಕೆಳಗೆ ಜಾಗ ಉಳಿದಿತ್ತು, ಅಮ್ಮ ಬರೆಯುತ್ತಿದ್ದೇನೆ. ಕೋಪ ಮಾಡಿಕೊಳ್ಳಬೇಡ. ಈ ಕಾಗದ ಬರೆದ ಮೇಲೆ ಅವರು ಒಂದು ಜೊತೆ ಬೂಟಿನ ಎರಡಕ್ಕೂ ಎಡಗಾಲಿನ ಅಟ್ಟೆ ಹೊಡೆದಿದ್ದಾರೆ. ಗಿರಾಕಿಗೆ ನಾನು ಏನೋ ಒಂದು ಹೇಳಿ ಕಳಿಸಿದೆ.)


ಮಾರ್ಚ್ 3

ಅಪ್ಪಾ,

ಹೆಸರು ವಾಪಸು ತಗೊಳ್ಳುವುದಿಲ್ಲ.

ನಾವು ಹೇಗೆ ಅಭ್ಯಾಸ ಮಾಡುತ್ತೇವೆ ಎಂದು ಮೊದಲು ಹೇಳುತ್ತೇನೆ, ಆಮೇಲೆ ಜಗಳ. ಲಾಂಡ್ರಿಯ ಹಿಂದೆ ಹಾಸಿಗೆ ಬಟ್ಟೆ ಒಣಗಿಸುವ ಅಂಗಳವಿದೆ, ಅದರ ಆಚೆ ಖಾಲಿ ಹುಲ್ಲುಗಾವಲು. ಇಸ್ತ್ರಿ ಮೇಜಿನ ನಮ್ಮ ಗೆಳತಿ ಊಟದ ಬಿಡುವಿನಲ್ಲಿ ಅಲ್ಲಿ ಸುತ್ತಾಡಿ, ಕೊನೆಗೆ ತನ್ನ ಕೈಗವಸು ಒಂದನ್ನು ಬೀಳಿಸಿ ಬರುತ್ತಾಳೆ. ಒಂದು ಗಂಟೆ ಬಿಟ್ಟು ಸೂಜಿಯನ್ನು ಉದ್ದದ ಹಗ್ಗಕ್ಕೆ ಕಟ್ಟಿ ಬಿಡುತ್ತೇನೆ. ಇವಳು ಆ ಹೆಜ್ಜೆಗಳ ಮೇಲೆ ಮೂಗಿಟ್ಟು ಹೋಗಿ ಕೈಗವಸಿನ ಮುಂದೆ ಮಲಗುತ್ತಾಳೆ. ಈಗ ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಎಂದರೆ, ಗೆಳತಿ ಒಂದು ದಿನ ನಿಜವಾಗಿಯೂ ಮರೆತು ಬಸ್ ನಿಲ್ದಾಣದಲ್ಲಿ ಬಿಟ್ಟ ಕೈಗವಸನ್ನೂ ಹುಡುಕಿಕೊಟ್ಟಳು. "ನಿನ್ ನಾಯಿ ಇರೋವರ್ಗೂ ನಾನು ಏನನ್ನೂ ಕಳ್ಕೊಳ್ಳೋ ಹಾಗಿಲ್ಲ ಬಿಡು," ಎಂದು ನಕ್ಕಳು.

ಮೈ ಬೆಳೆಸಿದ್ದಳು, ನಿಜ. ಅದು ಆಪರೇಷನ್ನಿನಿಂದಲ್ಲ, ನನ್ನ ಮುದ್ದಿನಿಂದ. ಬ್ರೆಡ್ಡು ನಿಲ್ಲಿಸಿದೆ, ಇಳಿದಳು.

ಈಗ ಜಗಳ. ನೀವು ಒಂದು ಮಾತು ಬರೆದಿದ್ದೀರಿ. ಖಾಲಿಯಾದ ನಾಯಿ ಎಂದು. ಅದನ್ನು ಬರೆಯುವಾಗ ನಾನು ನಿಮ್ಮ ತಲೆಯಲ್ಲಿ ಇರಲಿಲ್ಲ ಎಂದು ಗೊತ್ತು. ಆದರೆ ಓದುವಾಗ ನಾನೇ ಓದಬೇಕಲ್ಲ. ಏಳು ವರ್ಷದ ಹಿಂದೆ ನನಗೂ ಅದೇ ಆಪರೇಷನ್ ಆಗಿದೆ ಅಪ್ಪಾ. ನನಗೂ ಮಕ್ಕಳಾಗುವುದಿಲ್ಲ. ನಾವು ಯಾರೂ ಅದರ ಬಗ್ಗೆ ಮಾತಾಡಿಲ್ಲ, ಆದರೆ ಯಾರೂ ಮರೆತೂ ಇಲ್ಲ.

ಅವತ್ತು ನೀವು ವಾರ್ಡಿಗೆ ಬಂದಿದ್ದಿರಿ. ಎಲ್ಲರೂ ಹಣ್ಣು ಹಿಡಿದು ಬಂದರೆ ನೀವು ಒಂದು ಡಬ್ಬ ತಂದಿರಿ. ಅದರಲ್ಲಿ ಕಂದು ಬಣ್ಣದ ಹೊಸ ಬೂಟು. "ಎದ್ದ ಮೇಲೆ ಹಾಕ್ಕೋ. ನಡೆಯೋರಿಗೆ ಬೂಟು ಬೇಕಾಗುತ್ತೆ," ಎಂದಿರಿ. ಬೇರೇನೂ ಹೇಳಲಿಲ್ಲ. ಮಂಚದ ಕೆಳಗೆ ಅದನ್ನು ಜೋಡಿಸಿಟ್ಟು ಹೋದಿರಿ. ನಾನು ಇವತ್ತಿಗೂ ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗುತ್ತೇನೆ. ಎರಡು ಸಲ ಅಟ್ಟೆ ಬದಲಾಗಿದೆ.

ನನಗೆ ಬೂಟು ಹೊಲಿದ ಮನುಷ್ಯ ಇವಳಿಗೆ ಎದೆಪಟ್ಟಿ ಹೊಲಿಯದೆ ಇರುವುದು ಯಾಕೆ ಎಂದು ನನಗೆ ಅರ್ಥವಾಗುತ್ತಿಲ್ಲ. ಕ್ಯಾನ್ವಾಸಿನಲ್ಲೇ ಓಡುತ್ತಾಳೆ, ಪರವಾಗಿಲ್ಲ.

ನಿಮ್ಮ ಮಗಳು


ಮಾರ್ಚ್ 30

ಮಗಳೇ,

ನಿಮ್ಮಪ್ಪ ಬರೆಯುವುದಿಲ್ಲ, ನೀನು ಕಾಯುತ್ತಿರುತ್ತೀಯ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ನಿನ್ನ ಕಾಗದವನ್ನು ಅವರು ಅಂಗಡಿಯಲ್ಲಿ ನಿಂತುಕೊಂಡೇ ಓದಿದರು. ಆಮೇಲೆ ಕೂತುಕೊಂಡು ಇನ್ನೊಂದು ಸಲ ಓದಿದರು. ಮಡಚಿ, ಪಾದದ ಅಚ್ಚುಗಳನ್ನು ಇಡುವ ಗೂಡಿನಲ್ಲಿ ಇಟ್ಟರು. ನಿನ್ನ ಕಾಲಿನ ಅಳತೆಯ ಅಚ್ಚು ಇದೆಯಲ್ಲ, ಅದರ ಕೆಳಗೆ. ಊಟಕ್ಕೆ ಕರೆದರೆ "ಬಂದೆ" ಅಂದರು, ಬರಲಿಲ್ಲ. ನಾನೂ ಕೆದಕಲಿಲ್ಲ. ನಲವತ್ತೊಂದು ವರ್ಷ ಅವರ ಜೊತೆ ಗಲ್ಲಾದಲ್ಲಿ ಕೂತಿದ್ದೇನೆ, ಯಾವಾಗ ಮಾತಾಡಿಸಬಾರದು ಎಂದು ಗೊತ್ತು.

ಒಂದು ವಿಚಿತ್ರ ನಡೆದಿದೆ. ಮೊನ್ನೆ ಪೇಟೆಗೆ ಹೋದವರು ಒಂದು ಜೊತೆ ರಬ್ಬರ್ ಬೂಟು ತಂದಿದ್ದಾರೆ. ಕೊಂಡು ತಂದಿದ್ದಾರೆ. ನಿಮ್ಮಪ್ಪ. ಬೇರೆಯವರು ಮಾಡಿದ ಚಪ್ಪಲಿ ಅವರ ಕಾಲಿಗೆ ಹೋದದ್ದು ನಾನು ಕಂಡಿಲ್ಲ. ಚರ್ಮದ ರಾಶಿಯ ಹಿಂದೆ ಬಚ್ಚಿಟ್ಟಿದ್ದರು. ಗುಡಿಸುವಾಗ ಸಿಕ್ಕಿತು. "ಇದೇನ್ರೀ?" ಅಂದೆ. "ತೇವ ಇರೋ ಕಡೆ ಬೇಕಾಗುತ್ತೆ," ಅಂದರು. ನಮ್ಮ ಅಂಗಡಿಯಲ್ಲಿ ತೇವ ಎಲ್ಲಿದೆ?

ಏಪ್ರಿಲ್ 12ಕ್ಕೆ ಚರ್ಮದ ಮಾರುಕಟ್ಟೆಗೆ ಹೋಗಬೇಕಂತೆ, ಬೆಳಗಿನ ರೈಲಿಗೆ. ಆದ್ದರಿಂದ ನಿನ್ನ ಪಂದ್ಯಕ್ಕೆ ಬರುವುದಿಲ್ಲ ಎಂದು ನಾನೇ ಹೇಳಿಬಿಡುತ್ತೇನೆ. ನನಗೂ ಅಂಗಡಿ ಬಿಟ್ಟು ಬರಲಾಗುವುದಿಲ್ಲ. ಸೂಜಿಯನ್ನು ಕೇಳಿದೆ ಎಂದು ಹೇಳು.

ಅಮ್ಮ


ಏಪ್ರಿಲ್ 13

ಅಪ್ಪ, ಅಮ್ಮ ಇಬ್ಬರಿಗೂ,

ಸೂಜಿ ಸೋತಳು.

ಶುರುವಿನಲ್ಲಿ ಎಷ್ಟು ಚೆನ್ನಾಗಿ ಹೊರಟಳು ಎಂದರೆ ನನಗೆ ಹಗ್ಗ ಹಿಡಿದುಕೊಂಡು ಹಿಂದೆ ನಡೆಯುವುದೇ ಕಷ್ಟವಾಯಿತು. ಚೀಟಿಯಲ್ಲಿ ನಮಗೆ ನಾಲ್ಕನೇ ಜಾಡು ಬಂದಿತ್ತು. ಮೊದಲ ತಿರುವು ಸರಿ, ಎರಡನೆಯದು ಸರಿ. ಎರಡನೇ ತಿರುವಿನ ಮುಂದೆ ಅಡ್ಡಜಾಡು ಇತ್ತು. ಅಮ್ಮನಿಗೆ ಹೇಳುವುದಾದರೆ, ನಾಯಿಯನ್ನು ಪರೀಕ್ಷಿಸಲೆಂದೇ ಯಾರೋ ಬೇರೆಯವರು ಆ ಜಾಡನ್ನು ಅಡ್ಡ ದಾಟಿ ಹೋಗಿರುತ್ತಾರೆ. ನಾಯಿ ಅದಕ್ಕೆ ಮರುಳಾಗದೆ ಮೊದಲಿನ ಹೆಜ್ಜೆಗಳನ್ನೇ ಹಿಡಿಯಬೇಕು. ಸೂಜಿ ಅಭ್ಯಾಸದಲ್ಲಿ ಇದನ್ನು ಒಂದು ಸಲವೂ ತಪ್ಪಿರಲಿಲ್ಲ.

ನಿನ್ನೆ ಅಲ್ಲಿಗೆ ಬಂದದ್ದೇ ತಡ, ನಿಂತಳು. ತಲೆ ಎತ್ತಿದಳು. ಮತ್ತೆ ಮೂಗು ನೆಲಕ್ಕಿಟ್ಟು, ಎಡಕ್ಕೆ ತಿರುಗಿ, ಕಲ್ಲುಗೋಡೆಯ ಕಡೆ ಎಳೆಯತೊಡಗಿದಳು. ನಾನು ಮಾತಾಡುವಂತಿಲ್ಲ, ಹಗ್ಗ ಜಗ್ಗುವಂತಿಲ್ಲ. ಇಪ್ಪತ್ತು ಹೆಜ್ಜೆ ಆದ ಕೂಡಲೇ ತೀರ್ಪುಗಾರರ ಸೀಟಿ ಬಿತ್ತು. ಅಲ್ಲಿಗೆ ಮುಗಿಯಿತು. ಆಮೇಲೆಯೂ ಅವಳು ಬರಲು ಒಪ್ಪಲಿಲ್ಲ. ಗೋಡೆಯ ಕಡೆ ನೋಡಿ ಕುಂಯ್‌ಗುಟ್ಟುತ್ತಿದ್ದಳು. ಎತ್ತಿಕೊಂಡೇ ವ್ಯಾನಿಗೆ ಹಾಕಬೇಕಾಯಿತು.

ವರದಿಯಲ್ಲಿ "ನಾಯಿಗೆ ಕೆಲಸದಲ್ಲಿ ಗಮನ ಸಾಲದು" ಎಂದು ಬರೆದಿದ್ದಾರೆ. ಸಂಘದ ಒಬ್ಬರು ಪಕ್ಕದವರಿಗೆ, "ಆಪರೇಷನ್ ಆದ್ಮೇಲೆ ಹಿಂಗೇ. ಜೂನ್‌ನಲ್ಲಿ ಇದಕ್ಕೊಂದು ಮಂಗಳ ಹಾಡೋಣ," ಎಂದದ್ದು ನನಗೂ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದಿರಬೇಕು.

ನೀವು ಹೇಳಿದ್ದೇ ಸರಿಯಿತ್ತೇನೋ ಅಪ್ಪಾ. ಅವಳ ಹೆಸರೊಂದೇ ಇದ್ದದ್ದು, ಅದೂ ಹೀಗಾಯಿತು. ಇನ್ನು ಮುಂದೆ ಬೇರೆ ನಾಯಿಗಳಿಗೂ ಬಾಗಿಲು ಮುಚ್ಚಿದ ಹಾಗೆ. ಕ್ಯಾನ್ವಾಸ್ ಪಟ್ಟಿಯನ್ನು ತೊಳೆದು ಒಣಗಿಸಿ ಕಪಾಟಿನ ಮೇಲೆ ಹಾಕಿದ್ದೇನೆ. ಹುಲ್ಲುಗಾವಲಿಗೆ ಇನ್ನು ಹೋಗುವುದಿಲ್ಲ.

ನಿಮ್ಮ ಮಗಳು


ಏಪ್ರಿಲ್ 24

ಮಗಳೇ,

ಸುದ್ದಿ ತಿಳಿಯಿತು. ಬೇಸರ ಮಾಡಿಕೊಳ್ಳಬೇಡ. ಪ್ರಯತ್ನಪಟ್ಟೆಯಲ್ಲ, ಸಾಕು.

ಇಲ್ಲಿ ಎಲ್ಲ ಆರಾಮ. ಕರಿ ಚರ್ಮ ಈ ಸಲ ಒಳ್ಳೆಯದು ಬಂದಿಲ್ಲ, ಬೇಗ ಬಿರಿಯುತ್ತದೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಿಸಿದೆ.

ನಿನ್ನ ಅಪ್ಪ

(ಅಮ್ಮ. ಇಷ್ಟೇ ಇಷ್ಟು ಬರೆಯಲು ನಾಲ್ಕು ಹಾಳೆ ಹರಿದಿದ್ದಾರೆ. ಏನೋ ಇದೆ. ನನಗೂ ಹೇಳುತ್ತಿಲ್ಲ.)


ಮೇ 20

ಮಗಳೇ,

ಏಪ್ರಿಲ್ 12ರಂದು ನಾನು ಚರ್ಮದ ಮಾರುಕಟ್ಟೆಗೆ ಹೋಗಿರಲಿಲ್ಲ. ನಿನ್ನ ಪಂದ್ಯದ ಮೈದಾನದಲ್ಲಿದ್ದೆ. ಕಲ್ಲುಗೋಡೆಯ ಹಿಂದೆ.

ಮೊದಲಿನಿಂದ ಹೇಳುತ್ತೇನೆ. ಖಾಲಿ ಎಂದು ಬರೆದದ್ದು ನನ್ನ ಕೈ. ನಾಯಿಗೆ ಎಂದು ಬರೆದೆ, ನಿನಗೆ ತಗುಲಿತು. ನಿನ್ನ ಕಾಗದ ಓದಿದ ದಿನವೇ ಕ್ಷಮೆ ಕೇಳಲು ಕೂತೆ. ಪೆನ್ನು ಮುಂದಕ್ಕೆ ಹೋಗಲಿಲ್ಲ. ವಾರ್ಡಿನಲ್ಲಿ ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದದ್ದೇ ಕಣ್ಣ ಮುಂದೆ ಬರುತ್ತಿತ್ತು. ಅವತ್ತೂ ನನಗೆ ಮಾತು ಬರಲಿಲ್ಲ, ಬೂಟು ಇಟ್ಟು ಬಂದೆ. ಈಗಲೂ ಬರಲಿಲ್ಲ. ದೂರದಿಂದ ಒಂದು ಸಲ ನಿಮ್ಮಿಬ್ಬರನ್ನೂ ನೋಡಿ ಬರೋಣ ಎಂದು ಹೊರಟೆ. ನಿನಗೆ ಕಾಣಿಸಿಕೊಳ್ಳಬಾರದು, ಸೂಜಿಯ ಮೂಗಿಗೂ ಸಿಗಬಾರದು. ಅವಳು ಮೊದಲ ಒಂದು ವರ್ಷ ನನ್ನ ಮೇಜಿನ ಕೆಳಗೆ ಬೆಳೆದವಳು. ನನ್ನ ಬೂಟಿನಲ್ಲಿ ಮೇಣ, ಅಂಟು, ಚರ್ಮ ಎಲ್ಲದರ ವಾಸನೆ ಕೂತಿದೆ. ಅದಕ್ಕೇ ರಬ್ಬರ್ ಬೂಟು ಕೊಂಡೆ.

ಮೈದಾನದಲ್ಲಿ ಸಂಘದ ನಮ್ಮ ಗಡಿಯಾರ ರಿಪೇರಿಯವನು ಸಿಕ್ಕಿದ. ಜಾಡು ಹಾಕಿಸುವ ಉಸ್ತುವಾರಿ ಅವನದು. "ದೇವ್ರು ಬಂದ ಹಾಗೆ ಬಂದೆ ಕಣಯ್ಯ. ಅಡ್ಡ ನಡೆಯೋನು ಕಾಲು ಉಳುಕಿಸ್ಕೊಂಡಿದಾನೆ. ನಾಲ್ಕನೇದಕ್ಕೆ ನೀನೇ ಅಡ್ಡ ನಡೆದುಬಿಡು," ಎಂದ. ಅಡ್ಡ ನಡೆಯುವವನು ಆ ನಾಯಿಗೆ ಪರಿಚಯ ಇರಬಾರದು ಎಂಬುದು ನಿಯಮ. ಅದನ್ನು ಬರೆದವನೂ ನಾನೇ. ಮಗಳ ನಾಯಿ ಓಡುತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಆರು ಜಾಡು, ಆರು ನಾಯಿ, ಚೀಟಿ ಎತ್ತುವುದು ಆಮೇಲೆ. ಸೂಜಿಗೆ ನಾಲ್ಕನೆಯದೇ ಯಾಕೆ ಬರುತ್ತದೆ ಎಂದು ಅಡ್ಡ ನಡೆದು, ಹಾಗೇ ಕಲ್ಲುಗೋಡೆಯ ಹಿಂದೆ ಹೋಗಿ ಕೂತುಬಿಟ್ಟೆ.

ಚೀಟಿ ಎತ್ತಿದಾಗ ನಿನ್ನದು ನಾಲ್ಕು ಎಂದು ಕೂಗಿದರು. ಆಗ ಹೇಳಬೇಕಿತ್ತು. ಕೈ ಎತ್ತಿದ್ದರೆ ಸಾಕಿತ್ತು, ಬೇರೆ ಜಾಡು ಕೊಡುತ್ತಿದ್ದರು. ಆದರೆ ಎದ್ದು ನಿಂತರೆ ನೀನು ನೋಡುತ್ತೀಯ. ಹೆಸರು ವಾಪಸು ತಗೋ ಎಂದು ಬರೆದವನು ಕದ್ದು ನೋಡಲು ಬಂದಿದ್ದಾನೆ ಎಂದು ಗೊತ್ತಾಗುತ್ತದೆ. ನಾಚಿಕೆಯಾಯಿತು. ರಬ್ಬರ್ ಬೂಟು ಇದೆಯಲ್ಲ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ.

ನಲವತ್ತು ವರ್ಷ ಜನರನ್ನು ಕಾಲಿನಿಂದ ಗುರುತು ಹಿಡಿದವನು ನಾನು. ಯಾರು ಅಂಗಡಿಗೆ ಬಂದರೂ ಮುಖ ಆಮೇಲೆ, ಮೊದಲು ಬೂಟು. ಬೂಟು ಬದಲಾದರೆ ಮನುಷ್ಯನೇ ಬದಲಾದ ಹಾಗೆ ನನಗೆ. ನಾಯಿಗೂ ಹಾಗೇ ಅಂದುಕೊಂಡೆ. ಇಷ್ಟು ವರ್ಷ ಜಾಡು ಸಂಘದಲ್ಲಿದ್ದು ಇಷ್ಟೂ ತಿಳಿಯದ ದಡ್ಡ ಎಂದು ನೀನು ಅನ್ನಬಹುದು. ಅನ್ನು.

ಅವಳು ಎರಡು ವರ್ಷದಿಂದ ನನ್ನನ್ನು ನೋಡಿಲ್ಲ. ಆದರೂ ನನ್ನ ಜಾಡಿಗೆ ತಿರುಗಿದ ಮೇಲೆ ಒಂದು ಹೆಜ್ಜೆಯನ್ನೂ ಬಿಡದೆ ಬಂದಳು. ಗೋಡೆಯ ಸಂದಿನಲ್ಲಿ ನೋಡುತ್ತಿದ್ದೆ. ಗಮನ ಇಲ್ಲದ ನಾಯಿ ಹಾಗೆ ಬರುವುದಿಲ್ಲ. ಇನ್ನು ಹತ್ತು ಮಾರು ಇತ್ತು, ಸೀಟಿ ಬಿತ್ತು. ನೀನು ಅವಳನ್ನು ಎತ್ತಿಕೊಂಡು ಹೋಗುವಾಗ ಅವಳು ನಿನ್ನ ಹೆಗಲ ಮೇಲಿಂದ ಈ ಕಡೆಯೇ ನೋಡುತ್ತಿದ್ದಳು. ನಾನು ಆವಾಗಲೂ ಏಳಲಿಲ್ಲ.

ಇನ್ನೊಂದು ಹೇಳಬೇಕು, ಇದೇ ಎಲ್ಲಕ್ಕಿಂತ ಕೆಟ್ಟದ್ದು. ನಾನು ಸುಮ್ಮನಿದ್ದರೆ ಜೂನ್‌ನಲ್ಲಿ ನನ್ನ ನಿಯಮ ಗೆಲ್ಲುತ್ತದೆ ಎಂದು ಗೊತ್ತಿತ್ತು. ಐದು ವಾರ ಸುಮ್ಮನಿದ್ದೆ. ಕರಿ ಚರ್ಮದ ಬಗ್ಗೆ ಕಾಗದ ಬರೆದೆ. ನೀನು, ಅಪ್ಪ ಹೇಳಿದ್ದೇ ಸರಿ ಎಂದು ಬರೆದದ್ದು ಗೂಡಿನಲ್ಲಿತ್ತು. ದಿನಾ ಅಚ್ಚು ತೆಗೆಯಲು ಕೈ ಹಾಕಿದಾಗ ಅದೇ ಸಿಗುತ್ತಿತ್ತು.

ನಿನ್ನೆ ನಿಮ್ಮಮ್ಮನಿಗೆ ಹೇಳಿದೆ. ಅವಳು, "ನನಗ್ಯಾಕ್ರೀ ಹೇಳ್ತೀರಾ, ಸಂಘಕ್ಕೆ ಹೇಳಿ," ಅಂದಳು. ಇದೇ ಅಂಚೆಯಲ್ಲಿ ಸಂಘಕ್ಕೂ ಎಲ್ಲ ಬರೆದು ಸಹಿ ಹಾಕಿ ಕಳಿಸಿದ್ದೇನೆ. ಸೋತದ್ದು ಸೂಜಿಯಲ್ಲ, ತಪ್ಪಿದವನು ನಾನು.

ಅವಳ ಮುಂಗಾಲಿನ ಹಿಂದೆ ನಾಲ್ಕು ಬೆರಳು ಬಿಟ್ಟು, ಎದೆಯ ಸುತ್ತಳತೆ ಟೇಪಿನಲ್ಲಿ ಹಿಡಿದು ಬರೆ. ಬರೆಯಲು ಮನಸ್ಸು ಬಂದರೆ.

ನಿನ್ನ ಅಪ್ಪ


ಮೇ 27

ಅಪ್ಪಾ,

ಎರಡು ದಿನ ನಿಮ್ಮ ಮೇಲೆ ಕೆಂಡದಂಥ ಕೋಪ ಬಂದಿತ್ತು. ಹಾಸಿಗೆ ಬಟ್ಟೆಗಳನ್ನು ಯಂತ್ರಕ್ಕೆ ಹಾಕುವಾಗ ನಿಮ್ಮನ್ನೇ ಹಾಕುತ್ತಿದ್ದೇನೆ ಎಂದುಕೊಂಡು ತುರುಕುತ್ತಿದ್ದೆ. ಸೂಜಿ ನನ್ನ ಕಾಲ ಬುಡದಲ್ಲಿ ಕೂತು ಏನು ತಪ್ಪು ಮಾಡಿದೆ ಎಂಬಂತೆ ಆರು ವಾರ ಮುಖ ನೋಡಿದ್ದಾಳೆ. ನಾನೂ ಅವಳ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಅದು ಮಾತ್ರ ನನಗೆ ಇನ್ನೂ ನುಂಗಲಾಗುತ್ತಿಲ್ಲ.

ಮೂರನೇ ದಿನ ಇಸ್ತ್ರಿಯ ಗೆಳತಿಗೆ ಕಾಗದ ಓದಿ ಹೇಳಿದೆ. ರಬ್ಬರ್ ಬೂಟಿನ ಭಾಗಕ್ಕೆ ಬಂದಾಗ ಅವಳು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ನಗತೊಡಗಿದಳು. "ಅಲ್ವೇ, ಕಾಲಿಗೆ ರಬ್ಬರ್ ಹಾಕ್ಕೊಂಡ್ರೆ ಸಾಕಾ? ಉಳಿದ ಮೈಯನ್ನ ಎಲ್ಲಿ ಬಿಟ್ಟು ಬಂದಿದ್ರು ನಿಮ್ಮಪ್ಪ?" ಎಂದಳು. ನನಗೂ ನಗು ಬಂತು. ನಗುತ್ತಾ ಅಳುವೂ ಬಂತು. ವಾರ್ಡಿನಲ್ಲಿ ನಿಮಗೆ ಮಾತು ಬರಲಿಲ್ಲ ಎಂದು ನನಗೆ ಅವತ್ತೇ ಗೊತ್ತಿತ್ತು ಅಪ್ಪಾ. ಬೂಟು ಅರ್ಥವಾಗಿತ್ತು.

ಸಂಘದಿಂದ ಪತ್ರ ಬಂದಿದೆ. ಜೂನ್ 8ಕ್ಕೆ ಮತ್ತೊಮ್ಮೆ ಪರೀಕ್ಷೆ. ನಿಮ್ಮನ್ನು ಒಂದು ವರ್ಷ ಜಾಡು ಹಾಕುವುದರಿಂದಲೂ ಮತ ಹಾಕುವುದರಿಂದಲೂ ದೂರ ಇಟ್ಟಿದ್ದಾರಂತೆ. ದಯವಿಟ್ಟು ಅವತ್ತು ನಿಮ್ಮ ಊರಿನಲ್ಲೇ ಇರಿ. ಗಾಳಿ ಯಾವ ಕಡೆ ಬೀಸುತ್ತದೋ ಹೇಳಲಾಗುವುದಿಲ್ಲ.

ಅಳತೆ ಕೊಡಬಾರದು ಎಂದುಕೊಂಡಿದ್ದೆ. ಅರವತ್ತೇಳು ಸೆಂಟಿಮೀಟರ್. ಬ್ರೆಡ್ಡು ನಿಲ್ಲಿಸಿದ ಮೇಲಿನದು.

ನಿಮ್ಮ ಮಗಳು


ಜೂನ್ 9

ಅಪ್ಪಾ, ಅಮ್ಮಾ,

ಕೈಗವಸು ಸಿಕ್ಕಿತು. ಎಂಟುನೂರು ಹೆಜ್ಜೆ, ನಾಲ್ಕು ತಿರುವು, ಎಲ್ಲೂ ನಿಲ್ಲಲಿಲ್ಲ. ನಡುವೆ ಅಡ್ಡಜಾಡು ಬಂತು. ಅವಳು ಅದರ ಮೇಲೆ ಒಂದು ಸಲ ಮೂಗಿಟ್ಟಳು, ಬೇಡ ಎಂದು ಬಿಟ್ಟು ಮುಂದೆ ಹೋದಳು. ನೀವಲ್ಲವಲ್ಲ.

ಪಾಳಿಗೆ ಹೊತ್ತಾಯಿತು. ಸಭೆಗೆ ನನಗೆ ರಜೆ ಸಿಗುವುದಿಲ್ಲ. ಏನಾಯಿತೆಂದು ಯಾರಾದರೂ ಬರೆಯಿರಿ.

ನಿಮ್ಮ ಮಗಳು


ಜೂನ್ 22

ಮಗಳೇ,

ಸಭೆಗೆ ಹೋಗಿದ್ದೆ. ಮತ ಇಲ್ಲದಿದ್ದರೂ ಮಾತಾಡಬಹುದು ಎಂದರು. ನನಗೆ ಭಾಷಣ ಬರುವುದಿಲ್ಲ ಎಂದು ನಿನಗೆ ಗೊತ್ತು. "ಈ ನಿಯಮ ಬರೆದೋನು ನಾನು. ಮರಿ ಬೇಕಾದೋರು ಮರಿ ನೋಡ್ಕೊಳ್ಳಿ. ಪಂದ್ಯದಲ್ಲಿ ನಾವು ನೋಡೋದು ಮೂಗು. ಸೂಜಿಗೆ ಮೂಗಿನ ಆಪರೇಷನ್ ಆಗಿಲ್ಲ," ಎಂದು ಕೂತೆ. ಕೆಲವರು ನಕ್ಕರು. ಗಡಿಯಾರದವನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ, ಇರಬೇಕಾದ್ದೇ. "ನೀನೇ ಹೊಲಿದಿದ್ದನ್ನ ನೀನೇ ಬಿಚ್ತಿದೀಯಲ್ಲಯ್ಯ," ಎಂದ. "ಹೊಲಿಗೆ ತಪ್ಪಿದ್ರೆ ಬಿಚ್ಚೇ ಹೊಲೀಬೇಕು. ಅಂಗಡೀಲಿ ದಿನಾ ಮಾಡೋದು ಅದೇ," ಎಂದೆ. ಅವನು ಕೊನೆಗೆ ನಮ್ಮ ಕಡೆಗೇ ಕೈ ಎತ್ತಿದ. ಹದಿನಾಲ್ಕು ಕೈ ಈ ಕಡೆ, ಒಂಬತ್ತು ಆ ಕಡೆ. ಇನ್ನು ಮುಂದೆ ಎಲ್ಲ ನಾಯಿಗಳಿಗೂ ಬಾಗಿಲು ತೆರೆದಿದೆ.

ರಬ್ಬರ್ ಬೂಟನ್ನು ನಿಮ್ಮಮ್ಮ ಹಿತ್ತಲ ಗಿಡಗಳಿಗೆ ನೀರು ಹಾಕುವಾಗ ಹಾಕಿಕೊಳ್ಳುತ್ತಾಳೆ. ನನ್ನ ಎದುರಿಗೆ ಬೇಕೆಂದೇ ಎರಡು ಸಲ ಓಡಾಡುತ್ತಾಳೆ. ಲಾಂಡ್ರಿಯ ವ್ಯಾನು ಈ ಕಡೆ ಬರುವ ದಿನ ಸೂಜಿಯನ್ನು ಕರೆದುಕೊಂಡು ಬಾ. ನಿನ್ನ ಕಂದು ಬೂಟನ್ನೂ ತಾ. ಎರಡನೇ ಅಟ್ಟೆ ಹಾಕಿ ಮೂರು ವರ್ಷವಾಯಿತು, ಹಿಮ್ಮಡಿ ಸವೆದಿರಬೇಕು.

ಎದೆಪಟ್ಟಿ ಈ ಪೊಟ್ಟಣದಲ್ಲಿದೆ. ಕಂಕುಳಿನ ಹತ್ತಿರ ಮೆತ್ತನೆಯ ಕುರಿ ಚರ್ಮ ಕೊಟ್ಟಿದ್ದೇನೆ, ಉಜ್ಜುವುದಿಲ್ಲ. ಮೊದಲ ವಾರ ದಿನಾ ಅರ್ಧ ಗಂಟೆ ಮಾತ್ರ ಹಾಕು, ಮೈಗೆ ಒಗ್ಗಲಿ.

ಒಳಪಟ್ಟಿಯನ್ನು ತಿರುಗಿಸಿ ನೋಡು. ದಬ್ಬಣ, ದಾರ, ಮೇಣ, ಈ ಮೂರು ಹೆಸರನ್ನೂ ಯಾವಾಗಲೂ ಹೊಲಿಯುವ ಹಾಗೆ ಸಣ್ಣದಾಗಿ ಹೊಲಿದೆ. ಅಲ್ಲಿಗೆ ಬಂದು ಎರಡು ದಿನ ಕೈ ನಿಂತಿತ್ತು. ಮುಂದಿನವಳಿಗೆ ಜಾಗ ಬಿಡಬೇಕಾಗಿರಲಿಲ್ಲ. ಹಾಗಾಗಿ ಉಳಿದ ಪಟ್ಟಿಯಷ್ಟೂ ಸೂಜಿಯ ಹೆಸರಿಗೇ ಬಂತು. ದೊಡ್ಡ ಅಕ್ಷರದಲ್ಲಿ ಹೊಲಿದಿದ್ದೇನೆ. ಕನ್ನಡಕ ಇಲ್ಲದೆಯೂ ನನಗೆ ಕಾಣಿಸುತ್ತದೆ.

ನಿನ್ನ ಅಪ್ಪ